ಓಡಿಹೋಗುವ ಕಾಯಿಲೆ

ಡ್ರಾಪೆಟೊಮೇನಿಯ ಅಂತ ಇಂಗ್ಲಿಷಿನಲ್ಲಿ ಒಂದು ರೋಗದ ಹೆಸರಿತ್ತು. ಹುಟ್ಟಿದ್ದು 1851ರಲ್ಲಿ, ಅಮೆರಿಕದ ದಕ್ಷಿಣದ ನ್ಯೂ ಆರ್ಲಿಯನ್ಸಿನಲ್ಲಿ. ಇಂಥ ನಾಲಗೆ ತೊಡರುವ ಪದ ಎದುರಾದಾಗ ನಾವು ಹಳ್ಳಿ ಕಡೆಯಿಂದ ಬಂದವರು ಸಾಮಾನ್ಯವಾಗಿ ಏನು ಮಾಡ್ತೇವೆ? ಡಾಕ್ಟರು ಗೀಚಿಕೊಟ್ಟ ಚೀಟಿಯನ್ನು ಓದಲಾಗದಿದ್ದರೂ ಮಡಿಚಿ ಜೇಬಿಗಿಟ್ಟುಕೊಂಡು ಬರ್ತೇವಲ್ಲ, ಹಾಗೆ ಒಪ್ಪಿಕೊಂಡುಬಿಡ್ತೇವೆ. ಗ್ರೀಕಿನಲ್ಲೋ ಲ್ಯಾಟಿನ್ನಿನಲ್ಲೋ ಸಂಸ್ಕೃತದಲ್ಲೋ ಹೇಳಿದ ಮೇಲೆ ಅದು ನಿಜವೇ ಇರಬೇಕು ಅನ್ನುವುದು ನಮ್ಮ ತಲೆಯಲ್ಲಿ ಹಾಗೆ ಕೂತುಬಿಟ್ಟಿದೆ. ಈ ಪದವನ್ನು ಮಾತ್ರ ಹಾಗೆ ಬಿಡುವುದು ಬೇಡ. ಹೊಲಿಗೆ ಬಿಚ್ಚಿ ನೋಡೋಣ.

ಬಿಚ್ಚಿದರೆ ಎರಡು ಗ್ರೀಕ್ ತುಂಡು. 'ದ್ರಾಪೆಟೇಸ್' ಅಂದರೆ ಓಡಿಹೋದವನು. ಮುಖ್ಯವಾಗಿ ಒಡೆಯನ ಮನೆಯಿಂದ ತಪ್ಪಿಸಿಕೊಂಡು ಓಡಿಹೋದ ಗುಲಾಮ. 'ಮಾನಿಯ' ಅಂದರೆ ಹುಚ್ಚು. ಎರಡನ್ನೂ ಸೇರಿಸಿದರೆ, ಓಡಿಹೋಗುವ ಗುಲಾಮನ ಹುಚ್ಚು. ಈ ಮಾನಿಯ ಎಂಬುದು ನಮ್ಮ 'ಮನಸ್ಸಿ'ಗೆ ದೂರದ ನೆಂಟ. ಯೋಚಿಸು ಎಂಬ ಅರ್ಥದ ಒಂದೇ ಹಳೆಯ ಬೇರಿನಿಂದ ಎರಡೂ ಬಂದವು ಅಂತ ಭಾಷಾಶಾಸ್ತ್ರದವರು ಹೇಳ್ತಾರೆ. ಸಂಸ್ಕೃತದ ಕಡೆ ಅದು ಮನಸ್ಸಾಗಿ ಉಳಿಯಿತು, ಗ್ರೀಕಿನ ಕಡೆ ಮನಸ್ಸು ಕೆಟ್ಟದ್ದಕ್ಕೆ ಹೆಸರಾಯಿತು. ಓಡಿಹೋಗುವ ಮನಸ್ಸನ್ನು ಓಡಿಹೋಗುವ ಹುಚ್ಚು ಅಂತ ತಿರುಗಿಸಬೇಕಾದವನಿಗೆ ಇದಕ್ಕಿಂತ ಅನುಕೂಲದ ಪದ ಎಲ್ಲಿ ಸಿಗಬೇಕು?

ಹಾಗಂತ ಗ್ರೀಕರೇನು ಗುಲಾಮರ ಮೇಲೆ ಕರುಣೆ ಇದ್ದ ಜನ ಅಲ್ಲ. ಓಡಿಹೋಗಿ ಸಿಕ್ಕಿಬಿದ್ದವನ ಹಣೆಯ ಮೇಲೆ ಚುಚ್ಚಿ ಹಚ್ಚೆ ಹಾಕುತ್ತಿದ್ದರು. ಆ ಗುರುತಿಗೆ ಅವರ ಮಾತಿನಲ್ಲಿ 'ಸ್ಟಿಗ್ಮ'. ಇವತ್ತು ಕುಷ್ಠ, ಏಡ್ಸ್, ಮಾನಸಿಕ ಕಾಯಿಲೆಗಳ ವಿಚಾರದಲ್ಲಿ ಕಳಂಕ ಅನ್ನುವ ಅರ್ಥಕ್ಕೆ ಆರೋಗ್ಯ ಇಲಾಖೆಯವರು ದಿನಾ ಬಳಸುವ ಸ್ಟಿಗ್ಮ ಇದೇ. ರೋಮಿನವರು ಇನ್ನೂ ಒಂದು ಹೆಜ್ಜೆ ಮುಂದೆ. ಕುತ್ತಿಗೆಗೆ ಲೋಹದ ಪಟ್ಟಿ ಬಿಗಿದು, ಇವನು ಓಡಿಬಂದವನು, ಹಿಡಿಯಿರಿ ಅಂತ ಅದರ ಮೇಲೆ ಕೆತ್ತಿಸುತ್ತಿದ್ದರು. ಆದರೆ ಒಂದು ಮಾತು ಗಮನಿಸಬೇಕು. ಕ್ರಿ.ಪೂ. 413ರಲ್ಲಿ ಸ್ಪಾರ್ಟದ ಸೈನ್ಯ ಅಥೆನ್ಸಿನ ಹತ್ತಿರ ಡೆಕೆಲಿಯದಲ್ಲಿ ಬೀಡುಬಿಟ್ಟಾಗ ಇಪ್ಪತ್ತು ಸಾವಿರಕ್ಕೂ ಹೆಚ್ಚು ಗುಲಾಮರು ಅಥೆನ್ಸಿನವರ ಕೈಬಿಟ್ಟು ಓಡಿದರು, ಅವರಲ್ಲಿ ಬಹಳ ಮಂದಿ ಕಸುಬುದಾರರು ಅಂತ ಇತಿಹಾಸಕಾರ ಥುಸಿಡಿಡೀಸ್ ಬರೆದಿದ್ದಾನೆ. ಅದನ್ನು ಅವನು ಯುದ್ಧದ ನಷ್ಟದ ಲೆಕ್ಕಕ್ಕೆ ಬರೆದ, ಹುಚ್ಚಿನ ಲೆಕ್ಕಕ್ಕಲ್ಲ. ರೋಮಿನ ಸಂತೆ ಕಾನೂನೂ ಹಾಗೇ. ಗುಲಾಮನನ್ನು ಮಾರುವವನು ಇವನಿಗೆ ಏನು ರೋಗವಿದೆ, ಏನು ಊನವಿದೆ ಅಂತ ಹೇಳಬೇಕು. ಇವನು ಓಡಿಹೋಗುವವನೋ ಅಲ್ಲವೋ ಅನ್ನುವುದನ್ನೂ ಹೇಳಬೇಕು. ಅವೆರಡು ಬೇರೆ ಬೇರೆ ಪ್ರಶ್ನೆಗಳು.

ಎರಡನ್ನೂ ಒಂದು ಮಾಡಿದವನು ಡಾಕ್ಟರ್ ಸ್ಯಾಮ್ಯುಯೆಲ್ ಕಾರ್ಟ್‌ರೈಟ್. ವರ್ಜೀನಿಯದಲ್ಲಿ ಹುಟ್ಟಿ, ಮಿಸಿಸಿಪ್ಪಿಯ ನ್ಯಾಚೆಜ್‌ನಲ್ಲಿ ಬಹುಕಾಲ ವೈದ್ಯ ಮಾಡಿ ನ್ಯೂ ಆರ್ಲಿಯನ್ಸಿಗೆ ಬಂದವನು. ಕಪ್ಪು ಜನರ ರೋಗಗಳ ಮೇಲೆ ವರದಿ ಕೊಡುವ ಕೆಲಸವನ್ನು ಲೂಸಿಯಾನದ ವೈದ್ಯರ ಸಂಘ ಅವನಿಗೆ ವಹಿಸಿತ್ತು. 1851ರಲ್ಲಿ ಅವನು ಅದನ್ನು ಸಂಘದ ಮುಂದಿಟ್ಟ. ಅದೇ ವರ್ಷ ಆ ಊರಿನ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು, ತೋಟದ ಒಡೆಯರು ಓದುವ 'ಡಿ ಬೋಸ್ ರಿವ್ಯೂ'ನಲ್ಲೂ ಬಂತು. ಕಾಲ ಎಂಥದು ನೋಡಿ. ಹಿಂದಿನ ವರ್ಷದ ಜನಗಣತಿಯಲ್ಲಿ ಅಮೆರಿಕದ ಗುಲಾಮರು 32 ಲಕ್ಷ. ಓಡಿಬಂದವರನ್ನು ಗುಲಾಮಗಿರಿ ಇಲ್ಲದ ಉತ್ತರದ ರಾಜ್ಯಗಳವರೂ ಹಿಡಿದುಕೊಡಲೇಬೇಕು ಎಂಬ ಕಠಿಣ ಕಾನೂನು ಬಂದಿದ್ದೂ ಅದೇ 1850ರಲ್ಲಿ. ಜನ ಓಡ್ತಾ ಇದ್ದರು, ಒಡೆಯರು ಕಂಗೆಟ್ಟಿದ್ದರು, ಆಗ ಡಾಕ್ಟರು ಒಂದು ಹೆಸರು ಹುಡುಕಿ ಕೊಟ್ಟ. ಈ ರೋಗ ವೈದ್ಯರಿಗೆ ಈವರೆಗೆ ಗೊತ್ತಿರಲಿಲ್ಲ, ಆದರೆ ಇದರ ಲಕ್ಷಣ ತೋಟದ ಒಡೆಯರಿಗೂ ಮೇಸ್ತ್ರಿಗಳಿಗೂ ಚೆನ್ನಾಗಿ ಗೊತ್ತು ಅಂತ ಅವನೇ ಬರೆದಿದ್ದಾನೆ. ಲಕ್ಷಣ ಯಾವುದು? ಕೆಲಸ ಬಿಟ್ಟು ಓಡಿಹೋಗುವುದು!

ಕಾರಣವನ್ನೂ ಹೇಳ್ತಾನೆ. ದೇವರು ಕಪ್ಪು ಮನುಷ್ಯನನ್ನು ಮಂಡಿಯೂರುವುದಕ್ಕೇ ಮಾಡಿದ್ದು; ಅದಕ್ಕೆ ಬೈಬಲ್ ಸಾಕ್ಷಿ, ಅವನ ಮೊಣಕಾಲೂ ಸಾಕ್ಷಿ, ಯಾಕೆಂದರೆ ಅದು ಬೇರೆಯವರ ಮೊಣಕಾಲಿಗಿಂತ ಹೆಚ್ಚು ಬಗ್ಗಿದೆಯಂತೆ. ಪಾದದಿಂದ ಹುಟ್ಟಿದವರು ಅಂತ ಕೇಳಿಸಿಕೊಂಡೇ ಬೆಳೆದ ನಮಗೆ ಈ ಮೊಣಕಾಲಿನ ಶಾಸ್ತ್ರ ಹೊಸದೆನಿಸುವುದಿಲ್ಲ. ಒಡೆಯ ಎರಡು ತಪ್ಪು ಮಾಡಿದರೆ ರೋಗ ಬರ್ತದೆ. ಒಂದು, ಗುಲಾಮನನ್ನು ಸರಿಸಮ ಕಾಣುವುದು. ಇನ್ನೊಂದು, ವಿನಾಕಾರಣ ಹಿಂಸೆ ಕೊಡುವುದು. ಆದ್ದರಿಂದ ಹೊಟ್ಟೆಗೆ ಬಟ್ಟೆಗೆ ಕೊಡಿ, ಸಂಸಾರದ ಜೊತೆ ಇರಲು ಬಿಡಿ, ಮಕ್ಕಳನ್ನು ನೋಡಿಕೊಂಡ ಹಾಗೆ ನೋಡಿಕೊಳ್ಳಿ, ಅವರು ಓಡುವುದಿಲ್ಲ ಅನ್ನುತ್ತಾನೆ. ಇಷ್ಟಾದ ಮೇಲೂ ಯಾವನಾದರೂ ಕಾರಣವಿಲ್ಲದೆ ಮುಖ ಸಿಂಡರಿಸಿಕೊಂಡಿದ್ದರೆ? ಓಡುವ ಮುಂಚೆಯೇ ಚಾಟಿಯಲ್ಲಿ ಹೊಡೆದು ದೆವ್ವ ಬಿಡಿಸಬೇಕು. ಒಡೆಯನ ಸಮಕ್ಕೆ ತಲೆ ಎತ್ತಿದವನನ್ನು ಮತ್ತೆ ಬಗ್ಗುವ ತನಕ ಶಿಕ್ಷಿಸುವುದು ಅವನ ಹಿತಕ್ಕೇ ಅಂತೆ.

ಅದೇ ವರದಿಯಲ್ಲಿ ಇನ್ನೊಂದು ರೋಗವೂ ಇದೆ. ಮೈಗಳ್ಳತನ ಮಾಡುವ, ಸಲಕರಣೆ ಮುರಿಯುವ, ಪೈರು ಹಾಳುಮಾಡುವ ಗುಲಾಮರಿಗೆ ಬರುವಂಥದು. ಮೇಸ್ತ್ರಿಗಳು ಇದನ್ನು ಪುಂಡತನ ಅಂತಾರೆ, ಪಾಪ ಅವರಿಗೆ ಗೊತ್ತಿಲ್ಲ, ಇದು ಚರ್ಮ ಮರಗಟ್ಟುವ ರೋಗ ಅಂತ ಡಾಕ್ಟರು ವಿವರಿಸ್ತಾನೆ. ಔಷಧಿ: ಬಿಸಿನೀರಲ್ಲಿ ಸೋಪು ಹಚ್ಚಿ ತೊಳೆದು, ಮೈಗೆಲ್ಲ ಎಣ್ಣೆ ಸವರಿ, ಅಗಲವಾದ ಚರ್ಮದ ಪಟ್ಟಿಯಿಂದ ಬಡಿದು ಎಣ್ಣೆ ಇಳಿಸಿ, ಬಿಸಿಲಿನಲ್ಲಿ ಕಷ್ಟದ ಕೆಲಸಕ್ಕೆ ಹಚ್ಚುವುದು. ನಗು ಬರ್ತದೆ. ನಮಗೂ ಬಂತು. ಆದರೆ ನಕ್ಕು ಮುಗಿಸುವ ಹಾಗಿಲ್ಲ, ಯಾಕೆಂದರೆ ಮೇಸ್ತ್ರಿಯ ಬಾಯಿಯ ಪುಂಡತನಕ್ಕೂ ಡಾಕ್ಟರ ಬಾಯಿಯ ರೋಗಕ್ಕೂ ಒಂದು ವ್ಯತ್ಯಾಸವಿದೆ. ನಮ್ಮ ಇಡೀ ಮಾತು ಇರುವುದು ಅಲ್ಲೇ.

ನಮ್ಮ ಓದುವ ಬಳಗದಲ್ಲಿ ಈ ವಿಚಾರ ಬಂದಾಗ ಮೇಷ್ಟ್ರೊಬ್ಬರು ಕೇಳಿದರು: "ಕಳ್ಳ, ಪುಂಡ ಅಂತ ಕರೆದು ಹೊಡೆಯೋದಕ್ಕಿಂತ ರೋಗಿ ಅನ್ನೋದೇ ವಾಸಿ ಅಲ್ವೇನ್ರಪ್ಪ? ರೋಗಿ ಮೇಲೆ ಒಂದಿಷ್ಟು ಕನಿಕರನಾದ್ರೂ ಇರ್ತದೆ." ಒಳ್ಳೆಯ ಪ್ರಶ್ನೆ. ನಾವು ತಟ್ಟನೆ ಉತ್ತರ ಕೊಡಲಾಗಲಿಲ್ಲ. ಆಮೇಲೆ ಯೋಚಿಸಿದ್ದು ಹೀಗೆ. ಮೇಸ್ತ್ರಿ ಗುಲಾಮನನ್ನು ಪುಂಡ ಅಂದಾಗ ಅವನಿಗೊಂದು ಬುದ್ಧಿ ಇದೆ, ಇಚ್ಛೆ ಇದೆ, ಬೇಕೆಂದೇ ಮಾಡಿದ್ದಾನೆ ಅಂತ ಒಪ್ಪಿಕೊಂಡಂತಾಯಿತು. ಹೊಡೆದರೂ ಅವನನ್ನು ಎದುರಾಳಿ ಅಂತ ಗುರುತಿಸಿಯೇ ಹೊಡೆದ. ಯಾಕೆ ಓಡಿದೆಯೋ ಅಂತ ಮೇಸ್ತ್ರಿ ಬೈದರೆ ಅದಕ್ಕೊಂದು ಉತ್ತರ ಇರುವ ಸಾಧ್ಯತೆಯಾದರೂ ಇದೆ. ಡಾಕ್ಟರು ಕೇಳುವುದೇ ಇಲ್ಲ. ಜ್ವರ ಬಂದವನನ್ನು ಯಾಕಪ್ಪ ಮೈ ಬಿಸಿ ಮಾಡಿಕೊಂಡೆ ಅಂತ ಯಾರೂ ವಿಚಾರಣೆ ಮಾಡುವುದಿಲ್ಲವಲ್ಲ. ನನ್ನ ಹೆಂಡತಿಯನ್ನು ಮಾರಿದರು, ಅದಕ್ಕೆ ಓಡಿದೆ ಅಂತ ಗುಲಾಮ ಹೇಳಿದರೆ, ಆ ಮಾತು ಕಾರಣ ಆಗುವುದಿಲ್ಲ, ರೋಗದ ಬಡಬಡಿಕೆ ಆಗ್ತದೆ. ಚಾಟಿ ಬೆನ್ನನ್ನು ತೆಗೆದುಕೊಂಡರೆ ಈ ಹೆಸರು ಮಾತನ್ನೇ ತೆಗೆದುಕೊಂಡಿತು. ಕನಿಕರ ಇತ್ತು, ನಿಜ. ಮೂಕಪ್ರಾಣಿಯ ಮೇಲಿನ ಕನಿಕರ.

ಕಾನೂನಿನ ಪುಸ್ತಕ ನೋಡಿದರೆ ಇದು ಇನ್ನೂ ಸ್ಪಷ್ಟವಾಗ್ತದೆ. ನ್ಯೂ ಆರ್ಲಿಯನ್ಸ್ ಆ ದೇಶದ ಅತಿ ದೊಡ್ಡ ಗುಲಾಮರ ಸಂತೆ. ನಮ್ಮ ದನದ ಜಾತ್ರೆಯಲ್ಲಿ ಎತ್ತಿನ ಹಲ್ಲು ಸುಳಿ ನೋಡಿ ಕೊಳ್ಳುವ ಹಾಗೆ ಅಲ್ಲಿ ಮನುಷ್ಯರನ್ನು ನೋಡಿ ಕೊಳ್ಳುತ್ತಿದ್ದರು. ಕೊಂಡ ಮೇಲೆ ದೋಷ ಕಂಡರೆ ಮಾರಿದವನಿಗೆ ವಾಪಸು ಕೊಡಬಹುದು ಅಂತ ಲೂಸಿಯಾನದ 1825ರ ಸಿವಿಲ್ ಸಂಹಿತೆ ಹೇಳ್ತಿತ್ತು. ಅದರಲ್ಲಿ ದೇಹದ ದೋಷ ಒಂದು ಕಡೆ: ಕುಷ್ಠ, ಹುಚ್ಚು, ಮೂರ್ಛೆರೋಗ. ನಡತೆಯ ದೋಷ ಇನ್ನೊಂದು ಕಡೆ: ಮರಣದಂಡನೆಯ ಅಪರಾಧ, ಕಳ್ಳತನದ ಚಾಳಿ, ಓಡಿಹೋಗುವ ಚಾಳಿ. ಮನುಷ್ಯನನ್ನು ದನದ ಹಾಗೆ ಮಾರುವ ಕಾನೂನು ಕೂಡ ಓಡುವುದನ್ನು ನಡತೆ ಅಂತ ಬರೆದಿತ್ತು. ನಡತೆ ಇದೆ ಅಂದರೆ ಮನುಷ್ಯ ಇದ್ದಾನೆ. ಡಾಕ್ಟರು ಆ ಕಲಮನ್ನು ಈ ಕಡೆಯಿಂದ ಆ ಕಡೆಗೆ ಎತ್ತಿಟ್ಟ.

ನಮ್ಮ ಊರ ಗೌಡರಿಗೆ ಇದಕ್ಕೆ ಗ್ರೀಕ್ ಬೇಕಾಗಲಿಲ್ಲ. ಜೀತದ ಆಳು ಎದುರು ಮಾತಾಡಿದರೆ "ಪಿತ್ತ ನೆತ್ತಿಗೇರಿದೆ" ಅಂತಾರೆ. ಕೂಲಿ ಜಾಸ್ತಿ ಕೇಳಿದರೆ "ಕೊಬ್ಬು ಬಂದಿದೆ, ಇಳಿಸಬೇಕು" ಅಂತಾರೆ. ಪಿತ್ತ, ಕೊಬ್ಬು ಎರಡೂ ಮೈಯೊಳಗಿನ ಪದಾರ್ಥಗಳು! ಆಳಿನ ತಲೆಯಲ್ಲಿ ಹುಟ್ಟಿದ ನ್ಯಾಯದ ಮಾತನ್ನು ಅವನ ಮೈಯೊಳಗಿನ ರಸದ ಏರುಪೇರು ಅಂತ ತೀರ್ಮಾನಿಸಿಬಿಟ್ಟರೆ ಆಯಿತು, ಉತ್ತರ ಕೊಡುವ ಕಷ್ಟ ತಪ್ಪಿತು, ಚಿಕಿತ್ಸೆ ಅಂತ ದೊಣ್ಣೆ ಎತ್ತಿಕೊಳ್ಳಬಹುದು. ಈ ಮಾತುಗಳನ್ನು ನಾವೂ ನಮ್ಮ ಮನೆಯಲ್ಲಿ ಹೆಂಗಸರ ಮೇಲೆ, ಮಕ್ಕಳ ಮೇಲೆ ಧಾರಾಳವಾಗಿ ಬಳಸ್ತೇವೆ ಅನ್ನುವುದನ್ನೂ ಇಲ್ಲೇ ಒಪ್ಪಿಕೊಳ್ಳಬೇಕು.

ಆ ಕಾಲದಲ್ಲೇ ನಕ್ಕವರಿದ್ದರು. ದಕ್ಷಿಣದ ರಾಜ್ಯಗಳನ್ನು ಸುತ್ತಿ 1856ರಲ್ಲಿ ಪುಸ್ತಕ ಬರೆದ ಓಮ್‌ಸ್ಟೆಡ್, ಕರಾರಿನ ಮೇಲೆ ದುಡಿಯಲು ಬಂದ ಬಿಳಿಯ ಆಳುಗಳೂ ಓಡಿಹೋಗುತ್ತಿದ್ದರಲ್ಲ, ಹಾಗಾದರೆ ಈ ರೋಗ ಯುರೋಪಿನಿಂದಲೇ ಆಫ್ರಿಕಕ್ಕೆ ಹಬ್ಬಿದ್ದಿರಬೇಕು ಅಂತ ಕುಟುಕಿದ. ಆದರೆ ಕುಟುಕುವುದರಿಂದ ಇಂಥದು ಸಾಯುವುದಿಲ್ಲ, ಅದಕ್ಕೆ ಅಂಕಿಯ ಬಲವೂ ಇರ್ತದೆ. 1840ರ ಜನಗಣತಿಯಲ್ಲಿ ಉತ್ತರದ ಸ್ವತಂತ್ರ ಕಪ್ಪು ಜನರಲ್ಲಿ ಹುಚ್ಚು ವಿಪರೀತ ಹೆಚ್ಚು ಅಂತ ಬಂದಿತ್ತು. 1844ರಲ್ಲಿ ವಿದೇಶಾಂಗ ಮಂತ್ರಿಯಾಗಿದ್ದ ಕಲ್ಹೂನ್ ಅದನ್ನೇ ಹಿಡಿದುಕೊಂಡು, ಬಿಡುಗಡೆಯೇ ಅವರಿಗೆ ಕೇಡು ಅಂತ ಬ್ರಿಟನ್ನಿನ ರಾಯಭಾರಿಗೆ ಬರೆದ. ಅದನ್ನು ಬಿಡಿಸಿ ತೋರಿಸಿದವರಲ್ಲಿ ಒಬ್ಬರು ಡಾಕ್ಟರ್ ಜೇಮ್ಸ್ ಮೆಕ್ಯೂನ್ ಸ್ಮಿತ್. ನ್ಯೂಯಾರ್ಕಿನಲ್ಲಿ ಗುಲಾಮರಾಗಿ ಹುಟ್ಟಿದವರು, ಅಮೆರಿಕದ ಕಾಲೇಜುಗಳು ಸೇರಿಸಿಕೊಳ್ಳದೆ ಸ್ಕಾಟ್ಲೆಂಡಿನ ಗ್ಲಾಸ್ಗೋಗೆ ಹೋಗಿ 1837ರಲ್ಲಿ ವೈದ್ಯ ಪದವಿ ಪಡೆದವರು. ಆ ಪದವಿ ಪಡೆದ ಮೊದಲ ಕಪ್ಪು ಅಮೆರಿಕನ್. ಒಬ್ಬನೇ ಒಬ್ಬ ಕಪ್ಪು ಮನುಷ್ಯ ವಾಸವಿಲ್ಲದ ಊರುಗಳಲ್ಲೂ ಕಪ್ಪು ಹುಚ್ಚರನ್ನು ಲೆಕ್ಕ ಹಾಕಿದ್ದರು! ಹುಚ್ಚು ಇದ್ದದ್ದು ಗಣತಿಯ ಪುಸ್ತಕದಲ್ಲಿ.

ಸ್ಮಿತ್ ಅವರನ್ನು ನಾವು ಬೇಕೆಂದೇ ಹೆಸರು ಹಿಡಿದು ಹೇಳ್ತಿದ್ದೇವೆ. ಕಾರ್ಟ್‌ರೈಟನ ಕಥೆ ಕೇಳಿದ ಹುಡುಗರು ಕೆಲವರು ಕೂಡಲೇ, ಹಾಗಾದರೆ ಹುಚ್ಚು ಅನ್ನುವುದೇ ಸುಳ್ಳು, ಎಲ್ಲವೂ ವ್ಯವಸ್ಥೆಯ ಹುನ್ನಾರ ಅಂತ ಘೋಷಣೆಗೆ ಹೊರಟುಬಿಡ್ತಾರೆ. ಅದು ತಪ್ಪು ಮಾತ್ರವಲ್ಲ, ಕ್ರೂರವೂ ಹೌದು. ಹ್ಯಾರಿಯೆಟ್ ಟಬ್‌ಮನ್ ಚಿಕ್ಕ ಹುಡುಗಿಯಾಗಿದ್ದಾಗ ಮೇಸ್ತ್ರಿ ಇನ್ನೊಬ್ಬ ಗುಲಾಮನ ಕಡೆ ಎಸೆದ ಕಬ್ಬಿಣದ ತೂಕದ ಬಟ್ಟು ಅವರ ತಲೆಗೆ ಬಡಿಯಿತು. ಸಾಯುವ ತನಕ ತಲೆನೋವು, ಮಾತಾಡುತ್ತಿರುವಾಗಲೇ ಕವಿಯುವ ನಿದ್ದೆ. ಅದು ನಿಜವಾದ ಕಾಯಿಲೆ, ಅದಕ್ಕೆ ವೈದ್ಯ ಬೇಕಿತ್ತು. 1849ರಲ್ಲಿ ಅವರು ಓಡಿದರು, ಮತ್ತೆ ಮತ್ತೆ ಹಿಂದಕ್ಕೆ ಹೋಗಿ ಸುಮಾರು ಎಪ್ಪತ್ತು ಜನರನ್ನು ಕರೆತಂದರು. ಒಡೆದ ತಲೆಗೆ ಹೆಸರಿಡುವ ಗೋಜಿಗೆ ಯಾರೂ ಹೋಗಲಿಲ್ಲ. ಹೆಸರು ಸಿಕ್ಕಿದ್ದು ನಡೆದ ಕಾಲಿಗೆ. ಹಾಗಾದರೆ ಎರಡನ್ನೂ ಬೇರೆಮಾಡಿ ನೋಡುವುದು ಹೇಗೆ? ನಮಗೆ ತೋಚುವ ಒಂದು ದಾರಿಯೆಂದರೆ ದೂರು ಯಾರದು ಅಂತ ಕೇಳುವುದು. ವೈದ್ಯನ ಹತ್ತಿರ ಬರುವವನು ನನಗೆ ನೋವು ಅಂತ ಬರ್ತಾನೆ. ಡ್ರಾಪೆಟೊಮೇನಿಯದಲ್ಲಿ ನರಳಿದವನು ಒಡೆಯ, ಔಷಧಿ ಕುಡಿದವನು ಗುಲಾಮ. ಈ ಒರೆಗಲ್ಲೂ ಪೂರ್ತಿ ಸಾಲದು. ತನಗೆ ಕಾಯಿಲೆ ಇದೆ ಅಂತ ತಿಳಿಯದ ರೋಗಿಗಳೂ ಇರ್ತಾರೆ, ಅವರ ಪರವಾಗಿ ಮನೆಯವರೇ ಬರಬೇಕಾಗ್ತದೆ. ಆದರೂ ಬಂದವರಿಗೆ ಈ ರೋಗದಿಂದ ಏನು ನಷ್ಟ, ಗುಣವಾದರೆ ಏನು ಲಾಭ ಅಂತ ಕೇಳಿಕೊಳ್ಳುವುದಕ್ಕೆ ಅಡ್ಡಿಯಿಲ್ಲವಲ್ಲ.

ಕೇಳದಿದ್ದಾಗ ಏನಾಗ್ತದೆ ಅನ್ನುವುದಕ್ಕೆ ಬೇಕಾದಷ್ಟು ಸಾಕ್ಷಿ ಇದೆ. 1968ರಲ್ಲಿ, ಕಪ್ಪು ಜನರ ಹೋರಾಟ ಕಾವೇರಿದ್ದಾಗ, ಅಮೆರಿಕದ ಇಬ್ಬರು ಮನೋವೈದ್ಯರು 'ಪ್ರತಿಭಟನೆಯ ಚಿತ್ತವಿಕಾರ' ಅಂತ ಒಂದು ಹೊಸ ಹೆಸರು ಕಟ್ಟಿ ಲೇಖನ ಬರೆದರು. ನಮ್ಮಲ್ಲಿ ಕೆಲವರಿಗೆ ಕೇಳಲು ಕಹಿಯಾಗಬಹುದು, ಆದರೂ ಹೇಳಬೇಕು: ಸೋವಿಯತ್ ರಷ್ಯದಲ್ಲಿ ಸರ್ಕಾರವನ್ನು ಟೀಕಿಸಿದವರಿಗೆ 'ನಿಧಾನಗತಿಯ ಸ್ಕಿಜೊಫ್ರೇನಿಯ' ಅಂತ ಚೀಟಿ ಅಂಟಿಸಿ ಆಸ್ಪತ್ರೆಗೆ ತುಂಬಿದರು. ಕೆಂಪು ಬಾವುಟದ ಕೆಳಗೆ ಆದರೂ ಅದು ಅದೇ ಕೆಲಸ. ಕಾರ್ಟ್‌ರೈಟನ ವರದಿಯ ಇನ್ನೊಂದು ಸಾಲಿಗೆ ಇನ್ನೂ ದೀರ್ಘಾಯುಷ್ಯ. ಶ್ವಾಸಕೋಶದ ಬಲ ಅಳೆಯುವ ಸ್ಪೈರೊಮೀಟರ್ ಹಿಡಿದು, ಕಪ್ಪು ಜನರ ಶ್ವಾಸಕೋಶಕ್ಕೆ ನೂರಕ್ಕೆ 20ರಷ್ಟು ಬಲ ಕಡಿಮೆ ಅಂತ ಅವನು ಬರೆದಿದ್ದ. ಜನಾಂಗ ನೋಡಿ ಉಸಿರಿನ ಲೆಕ್ಕ ತಗ್ಗಿಸುವ ಪದ್ಧತಿಯನ್ನು ಬಿಡಿ ಅಂತ ಅಮೆರಿಕದ ಎದೆರೋಗ ತಜ್ಞರ ಸಂಘ ಹೇಳಿದ್ದು 2023ರಲ್ಲಿ.

ಇನ್ನು ಓಡಿದವರ ಮಾತು. ದಯೆ ತೋರಿದರೆ ಗುಲಾಮ ಓಡುವುದಿಲ್ಲ ಎಂಬ ಡಾಕ್ಟರ ಸಿದ್ಧಾಂತಕ್ಕೆ ಫ್ರೆಡರಿಕ್ ಡಗ್ಲಸ್ 1855ರ ತಮ್ಮ ಆತ್ಮಕಥೆಯಲ್ಲಿ ಉತ್ತರ ಇಟ್ಟಿದ್ದಾರೆ. 1838ರಲ್ಲಿ ನಾವಿಕನ ವೇಷದಲ್ಲಿ ತಪ್ಪಿಸಿಕೊಂಡವರು ಅವರು. ಹೊಡೆತ, ಹಸಿವು ಇರುವಾಗ ಒಳ್ಳೆಯ ಒಡೆಯ ಸಿಕ್ಕರೆ ಸಾಕು ಅನಿಸ್ತದೆ, ಒಳ್ಳೆಯ ಒಡೆಯ ಸಿಕ್ಕ ಮೇಲೆ ಒಡೆಯನೇ ಬೇಡ ಅನಿಸ್ತದೆ ಎಂಬುದು ಅವರ ಅನುಭವದ ಸಾರ. ಆ ಪುಸ್ತಕಕ್ಕೆ ಮುನ್ನುಡಿ ಬರೆದವರು ಅದೇ ಡಾಕ್ಟರ್ ಸ್ಮಿತ್.

ನಮ್ಮನ್ನು ಬಹಳ ಹಿಡಿದು ನಿಲ್ಲಿಸಿದ್ದು ಎಲೆನ್ ಕ್ರಾಫ್ಟ್ ಅವರ ಕಥೆ. ಗುಲಾಮ ತಾಯಿಗೂ ಬಿಳಿಯ ಒಡೆಯನಿಗೂ ಹುಟ್ಟಿದ ಎಲೆನ್ ನೋಡಲು ಬಿಳಿಯವಳ ಹಾಗೇ ಇದ್ದರು. ತನ್ನ ಹೊಟ್ಟೆಯಲ್ಲಿ ಹುಟ್ಟುವ ಕೂಸು ಕಾನೂನಿನ ಪ್ರಕಾರ ಗುಲಾಮನೇ ಆಗ್ತದೆ ಅನ್ನುವುದು ಅವರನ್ನು ತಿಂದುಹಾಕುತ್ತಿತ್ತು. 1848ರ ಡಿಸೆಂಬರಿನಲ್ಲಿ ಜಾರ್ಜಿಯದ ಮೇಕನ್ ಊರಿನಿಂದ ಗಂಡ ವಿಲಿಯಂ ಜೊತೆ ಹೊರಟರು. ಕೂದಲು ಕತ್ತರಿಸಿಕೊಂಡು, ಗಂಡಸಿನ ಬಟ್ಟೆ ತೊಟ್ಟು, ಎಲೆನ್ ಕಾಯಿಲೆಯ ಬಿಳಿ ಸಾಹುಕಾರ. ವಿಲಿಯಂ ಅವನ ಆಳು. ಸಹಿ ಹಾಕಲು ಬಾರದ ಬಲಗೈಯನ್ನು ಪಟ್ಟಿಯಲ್ಲಿ ತೂಗುಹಾಕಿದ್ದರು. ಗಡ್ಡವಿಲ್ಲದ ಕೆನ್ನೆಗೆ ಮದ್ದಿನ ಕಟ್ಟು. ಫಿಲಡೆಲ್ಫಿಯಕ್ಕೆ ವೈದ್ಯರಿಗೆ ತೋರಿಸಲು ಹೊರಟಿದ್ದೇನೆ ಅನ್ನುವುದು ನೆಪ. ಡಾಕ್ಟರು ಬಿಡುಗಡೆಗೆ ರೋಗದ ವೇಷ ಹಾಕುವುದಕ್ಕೆ ಎರಡು ವರ್ಷ ಮುಂಚೆಯೇ ಈ ಹೆಣ್ಣುಮಗಳು ರೋಗದ ವೇಷ ಹಾಕಿಕೊಂಡು ಬಿಡುಗಡೆಗೆ ಹೊರಟಿದ್ದರು. ದಾರಿಯಲ್ಲಿ ವಯಸ್ಸಾದ ಬಿಳಿಯನೊಬ್ಬ ಕನಿಕರಪಟ್ಟು ಕೀಲುವಾತಕ್ಕೆ ಒಂದು ಮದ್ದಿನ ಚೀಟಿ ಬರೆದುಕೊಟ್ಟ. ಎಲೆನ್‌ಗೆ ಓದು ಬಾರದು. ಬಿಡಿಸಿ ನೋಡಿದರೆ ಎಲ್ಲಿ ತಲೆಕೆಳಗಾಗಿ ಹಿಡಿದುಬಿಡುತ್ತೇನೋ ಅಂತ ಹೆದರಿ, ವಂದನೆ ಹೇಳಿ ಜೇಬಿಗಿಟ್ಟುಕೊಂಡರು. ಕ್ರಿಸ್‌ಮಸ್ ದಿನ ಫಿಲಡೆಲ್ಫಿಯ ಮುಟ್ಟಿದರು. 1850ರ ಕಾನೂನು ಬಂದ ಮೇಲೆ ಅಲ್ಲೂ ಉಳಿಗಾಲವಿಲ್ಲದೆ ಇಂಗ್ಲೆಂಡಿಗೆ ಹೋದರು. ಓದು ಬರಹ ಕಲಿತರು.

ಕಾರ್ಟ್‌ರೈಟ್ ಸತ್ತದ್ದು 1863ರಲ್ಲಿ, ಅಂತರ್ಯುದ್ಧದ ನಡುವೆ. ಅಷ್ಟರಲ್ಲಿ ತೋಟ ಬಿಟ್ಟು ಉತ್ತರದ ಸೈನ್ಯದ ಕಡೆಗೆ ಗುಲಾಮರು ಊರು ಊರೇ ಓಡುತ್ತಿದ್ದರು, ಯುದ್ಧ ಮುಗಿಯುವ ಹೊತ್ತಿಗೆ ಸುಮಾರು ಐದು ಲಕ್ಷ ಜನ. ಈ ಓಟಕ್ಕೆ ಡುಬಾಯ್ಸ್ 1935ರ ತಮ್ಮ ಗ್ರಂಥದಲ್ಲಿ ಇಟ್ಟ ಹೆಸರು ಸಾರ್ವತ್ರಿಕ ಮುಷ್ಕರ. ಅಂಬೇಡ್ಕರರು 1946ರಲ್ಲಿ ಕಾಗದ ಬರೆದು, ಕಪ್ಪು ಜನರು ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಕಳಿಸಿ ಅಂತ ಕೇಳಿದ್ದು ಇದೇ ಡುಬಾಯ್ಸ್ ಅವರನ್ನು. ಹಳೆಯ ಪದ ಮಾತ್ರ ಪೂರ್ತಿ ಸಾಯಲಿಲ್ಲ. ಸ್ಟೆಡ್‌ಮನ್ ಎಂಬುವರ ವೈದ್ಯಕೀಯ ನಿಘಂಟಿನ 1914ರ ಮುದ್ರಣದಲ್ಲಿ ಡ್ರಾಪೆಟೊಮೇನಿಯ ಇನ್ನೂ ಇದೆ. ಅರ್ಥ, ಅಲೆಯಬೇಕೆಂಬ ತಡೆಯಲಾಗದ ಹುಚ್ಚು ತುಡಿತ. ಆ ಅರ್ಥದಲ್ಲಿ ಗುಲಾಮನೂ ಇಲ್ಲ, ಒಡೆಯನೂ ಇಲ್ಲ, ಚಾಟಿಯೂ ಇಲ್ಲ.

ಕ್ರಾಫ್ಟ್ ದಂಪತಿ ಯುದ್ಧ ಮುಗಿದು ಗುಲಾಮಗಿರಿ ರದ್ದಾದ ಮೇಲೆ ವಾಪಸು ಬಂದರು, ತಾವು ಯಾವ ಜಾರ್ಜಿಯದಿಂದ ಓಡಿದ್ದರೋ ಅದೇ ಜಾರ್ಜಿಯಕ್ಕೆ. ಅಲ್ಲಿ ಜಮೀನು ಹಿಡಿದು, ಬಿಡುಗಡೆಯಾದ ಜನರ ಮಕ್ಕಳಿಗೆ 1873ರಲ್ಲಿ ಒಂದು ಶಾಲೆ ತೆರೆದರು. ಪುಣೆಯಲ್ಲಿ ಜೋತಿಬಾ ಫುಲೆಯವರ 'ಗುಲಾಮಗಿರಿ' ಅಚ್ಚಾಗಿ, ಗುಲಾಮರನ್ನು ಬಿಡಿಸಿದ ಅಮೆರಿಕದ ಜನರಿಗೆ ಅರ್ಪಣೆಯಾದದ್ದೂ ಅದೇ ವರ್ಷ. ಚೀಟಿಯನ್ನು ತಲೆಕೆಳಗಾಗಿ ಹಿಡಿದೇನು ಅಂತ ಹೆದರಿದ್ದ ಎಲೆನ್ ಆ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸುವ ಕೆಲಸಕ್ಕೆ ನಿಂತರು.